ಮಳೆಗಾಲದಲ್ಲಿ ಮಾತ್ರ ನಡುಗುವ ಜೀಪು

ಈ ಜೀಪಿನ ಮಾಲಕರ ಹೆಸರನ್ನೂ ಊರನ್ನೂ ಇಲ್ಲಿ ಬರೆಯುವುದಿಲ್ಲ. ಕಾಸರಗೋಡು ಜಿಲ್ಲೆಯ ಗಡಿ ಕಡೆ, ಪಯಸ್ವಿನಿ ಹೊಳೆಯ ಆಸುಪಾಸಿನಲ್ಲಿ ಅಡಿಕೆ ತೋಟ ಇರುವ ಹಲವರಲ್ಲಿ ಒಬ್ಬರು ಎಂದಿಟ್ಟುಕೊಳ್ಳಿ. ಗ್ಯಾರೇಜಿನಲ್ಲಿ ನಾನು ಅವರನ್ನು ‘ಅಣ್ಣ’ ಎನ್ನುತ್ತೇನೆ, ಇಲ್ಲಿಯೂ ಹಾಗೆಯೇ ಇರಲಿ. ನನಗಿಂತ ಮೊದಲು ಆ ಜೀಪಿಗೆ ಕೈ ಹಾಕಿದ ಗ್ಯಾರೇಜುಗಳ ಹೆಸರೂ ಬೇಡ. ಅವರ ತಪ್ಪಿಗೆ ಸಮನಾದ ಒಂದು ತಪ್ಪು ನನ್ನಿಂದಲೂ ಆಗಿದೆ, ಅದೂ ಕೆಳಗೆ ಬರುತ್ತದೆ.

ಗಾಡಿ ಮತ್ತು ದಾರಿ

ಪ್ಲೇಟ್ ಸ್ಪ್ರಿಂಗಿನ ಹಳೇ ಫೋರ್‌ವೀಲ್ ಜೀಪು. ಮುಂದೆಯೂ ಹಿಂದೆಯೂ ಗಟ್ಟಿ ಹೌಸಿಂಗ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಗೇರ್ ಲಿವರಿನ ಪಕ್ಕದಲ್ಲಿ ಫೋರ್‌ವೀಲ್ ಹಾಕುವ, ಅಂದರೆ ಎಂಜಿನಿನ ಬಲವನ್ನು ಮುಂದಿನ ಚಕ್ರಗಳಿಗೂ ಕೊಡುವ ಗಿಡ್ಡ ಲಿವರು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಕಟ್ಟೋಣವೇ ಹೆಚ್ಚೂಕಡಿಮೆ ಹಾಗೇ ಇಳಿದು ಬಂದದ್ದು. ಮುಂದಿನ ಚಕ್ರಗಳಿಗೆ ಕೈಯಿಂದ ತಿರುಗಿಸುವ ಫ್ರೀವೀಲ್ ಹಬ್ ಉಂಟು. ಅದನ್ನು ‘ಫ್ರೀ’ಗೆ ತಿರುಗಿಸಿದರೆ ಚಕ್ರ ಬೇರಿಂಗಿನ ಮೇಲೆ ತನ್ನಷ್ಟಕ್ಕೆ ಸುತ್ತುತ್ತದೆ; ಚಕ್ರವನ್ನು ಸುತ್ತಿಸುವ ಒಳಗಿನ ಆಕ್ಸಲ್ ಶಾಫ್ಟ್, ಎಡ-ಬಲ ಚಕ್ರಕ್ಕೆ ಸುತ್ತು ಹಂಚುವ ಡಿಫರೆನ್ಷಿಯಲ್, ಅದಕ್ಕೆ ಗೇರ್ ಕಡೆಯಿಂದ ಸುತ್ತು ತರುವ ಉದ್ದ ಪೈಪಾದ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಸುಮ್ಮನೆ ಮಲಗಿರುತ್ತವೆ. ‘ಲಾಕ್’ಗೆ ತಿರುಗಿಸಿದರೆ, ಗಿಡ್ಡ ಲಿವರು ಟೂವೀಲಿನಲ್ಲೇ ಇದ್ದರೂ, ಚಕ್ರ ಅವನ್ನೆಲ್ಲ ಎಳೆದುಕೊಂಡು ಸುತ್ತುತ್ತದೆ. ಹಾಗೆ ಓಡಿಸಿದರೆ ಗಾಡಿ ಹಾಳಾಗುವುದಿಲ್ಲ. ಸ್ವಲ್ಪ ಡೀಸೆಲ್ ಹೆಚ್ಚು, ಸ್ವಲ್ಪ ಸವೆತ ಹೆಚ್ಚು, ಅಷ್ಟೆ.

ಮನೆಯಿಂದ ತೋಟದ ತುದಿಗೆ ಒಂದೂವರೆ ಕಿಲೋಮೀಟರ್ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಏರು, ನಡುವೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ವಾರಕ್ಕೊಮ್ಮೆ ಪೇಟೆಗೆ ಇಪ್ಪತ್ತು ಕಿಲೋಮೀಟರ್ ಡಾಮರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ ನಮ್ಮದು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಬೇರೆ: ಮೈಲುತುತ್ತು, ಸುಣ್ಣ, ಡ್ರಮ್ಮು, ಪಂಪು, ಇಬ್ಬರು ಆಳು, ಎಲ್ಲವೂ ಆ ಏರಿಗೆ ಹೋಗುವುದು ಇದೇ ಜೀಪಿನಲ್ಲಿ.

ದೂರು

ಜುಲೈಯ ಒಂದು ಬೆಳಿಗ್ಗೆ ಅಣ್ಣ ಬಂದರು. “ಮುಂದಿಂದ ಶಬ್ದ, ಮತ್ತೆ ನಡುಕ. ಮಳೆ ಹಿಡಿದ ಮೇಲೆ ಶುರು, ಮಳೆ ಬಿಟ್ಟ ಮೇಲೆ ಇಲ್ಲ. ಇದು ಎರಡನೇ ವರ್ಷ ಮಾರಾಯ.” ಕೈಯಲ್ಲೊಂದು ಡೈರಿ. ಅಡಿಕೆ ಮಾರಿದ ಲೆಕ್ಕ, ಆಳಿನ ಸಂಬಳದ ನಡುವೆ ಜೀಪಿನ ಖರ್ಚನ್ನೂ ತಾರೀಕು ಹಾಕಿ ಬರೆದಿದ್ದರು. ಇಂಥ ಗಿರಾಕಿ ಸಿಗುವುದೇ ಪುಣ್ಯ. ನಾನು ಮಾತ್ರ ಆ ಡೈರಿಯನ್ನು ಹಿಂದಿನ ಜೂನ್‌ನಿಂದ ಈಚೆಗಷ್ಟೇ ಓದಿದೆ. ತೊಂದರೆ ಶುರುವಾದದ್ದು ಜೂನ್‌ನಲ್ಲಲ್ಲವೇ ಎಂಬ ಲೆಕ್ಕಾಚಾರ.

ಹಿಂದಿನ ವರ್ಷ ಮೊದಲು ಟಯರುಗಳನ್ನು ಹಿಂದುಮುಂದು ಮಾಡಿಸಿ ಬ್ಯಾಲೆನ್ಸ್, ಅಲೈನ್‌ಮೆಂಟ್ ಮಾಡಿಸಿದ್ದರು. ಶಬ್ದ ಹಾಗೇ ಇತ್ತು. ಇನ್ನೊಂದು ಕಡೆ ಎಡಗಡೆಯ ವೀಲ್ ಬೇರಿಂಗ್ ಹೊಸತು ಹಾಕಿದರು, ಯಾಕೆಂದರೆ ಶಬ್ದ ಎಡದಿಂದ ಕೇಳುತ್ತಿತ್ತು. ಶಬ್ದ ಆಗಲೂ ಹೋಗಲಿಲ್ಲ. ಆಮೇಲೆ ನಡುಕಕ್ಕೆಂದು ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಹೊಡೆತ ತಗ್ಗಿಸುವ ಸಾಧನ) ಹಾಕಿಸಿದರು. ಅದಾಗಿ ಸ್ವಲ್ಪ ದಿನಕ್ಕೆ ಮಳೆಗಾಲ ಮುಗಿಯಿತು, ನಡುಕವೂ ನಿಂತಿತು. ಡ್ಯಾಂಪರಿಗೆ ಆ ಕೀರ್ತಿ ಏಳು ತಿಂಗಳು ಇತ್ತು. ಜೂನ್ ಬಂತು, ನಡುಕ ಮರಳಿ ಬಂತು.

ಮಳೆಗೂ ತೊಂದರೆಗೂ ಗಂಟು ಹಾಕಿ ಕೊಟ್ಟಾಗ ಯಾರಿಗಾದರೂ ಮೊದಲು ಹೊಳೆಯುವುದು ನೀರು. ತೋಡಿನ ನೀರು ಬೇರಿಂಗಿಗೆ ಹೊಕ್ಕಿದೆ, ಅದೇ ಶಬ್ದ, ಅದೇ ನಡುಕ. ನನಗೂ ಹಾಗೇ ಅನಿಸಿತ್ತು. ಅರ್ಧ ಸರಿ ಇತ್ತು. ಹಾಗಾಗಿಯೇ ಅದು ದಾರಿ ತಪ್ಪಿಸಿತು.

ಸ್ಪಾನರ್ ಮುಟ್ಟುವ ಮೊದಲು

ಬಂದ ಸ್ಥಿತಿಯಲ್ಲೇ ಒಂದು ಸಲ ಓಡಿಸಿ ನೋಡುವುದು ನನ್ನ ಕ್ರಮ. ಅಣ್ಣ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ತಿರುವುಗಳಿಗೇನು ಬರಗಾಲ! ನಲವತ್ತರ ಮೇಲೆ ಗುಂಯ್ ಎಂಬ ಶಬ್ದ ಎದ್ದಿತು. ನ್ಯೂಟ್ರಲಿಗೆ ಹಾಕಿ ಬಿಡಲು ಹೇಳಿದೆ. ಎಂಜಿನಿನ ಸದ್ದು ಇಳಿದರೂ ಈ ಶಬ್ದ ತನ್ನಷ್ಟಕ್ಕೆ ಮುಂದುವರಿಯಿತು. ಹಾಗಾದರೆ ಎಂಜಿನ್, ಕ್ಲಚ್ ಕಡೆ ನೋಡಬೇಕಾಗಿಲ್ಲ, ಇದು ಚಕ್ರದ ಜೊತೆ ಸುತ್ತುವ ಯಾವುದೋ ಒಂದು. ಎಡ ತಿರುವಿನಲ್ಲಿ ಶಬ್ದ ಗಡುಸಾಯಿತು, ಬಲ ತಿರುವಿನಲ್ಲಿ ತೆಳುವಾಯಿತು. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲಗಡೆಯ ಚಕ್ರದ ಮೇಲೆ ಬೀಳುತ್ತದೆ. ಅಂದರೆ ನರಳುತ್ತಿರುವುದು ಬಲಗಡೆಯ ಬೇರಿಂಗ್.

“ಆದರೆ ಶಬ್ದ ಎಡದಿಂದಲ್ಲವಾ ಬರುದು?” ಎಂದರು ಅಣ್ಣ. ಹೌದು, ನನ್ನ ಕಿವಿಗೂ ಎಡದಿಂದಲೇ ಕೇಳುತ್ತಿತ್ತು. ಆ ರಸ್ತೆಯಲ್ಲಿ ಗುಡ್ಡ ಕಡಿದ ಜಾಗದಲ್ಲಿ ಎಡಬದಿಗೆ ಮುರಕಲ್ಲಿನ ಗೋಡೆ ಆಳೆತ್ತರಕ್ಕೆ ನಿಂತಿದೆ. ಜೀಪಿಗೆ ಬಾಗಿಲಿಲ್ಲ, ಬದಿಗೆ ಟರ್ಪಾಲು. ಹೊರಗೆ ಹೋದ ಶಬ್ದ ಗೋಡೆಗೆ ಬಡಿದು ಎಡಗಡೆಯಿಂದಲೇ ಒಳಗೆ ಬರುತ್ತದೆ. ಗದ್ದೆ ಬಯಲಿನ ಜಾಗಕ್ಕೆ ಬಂದಾಗ ನಿಧಾನ ಮಾಡಿಸಿ ಕೇಳಿದೆವು, ಎಡ-ಬಲದ ವ್ಯತ್ಯಾಸವೇ ಇರಲಿಲ್ಲ. ಹಿಂದಿನ ವರ್ಷ ಎಡಗಡೆಯ ಒಳ್ಳೆಯ ಬೇರಿಂಗ್ ಬಿಚ್ಚಿ ಬಿಸಾಡಿದ್ದು ಈ ಗೋಡೆಯ ಮಾತು ಕೇಳಿ.

ನಡುಕ ಐವತ್ತರ ಆಚೆ ಬಂತು. ಸ್ಟೀರಿಂಗ್ ಮೇಲೆ ಕೈ ಇಟ್ಟು ನೋಡಿದೆ, ಹೆಚ್ಚೇನಿಲ್ಲ. ಹೊಂಡಕ್ಕೆ ಬಿದ್ದಾಗ ಸ್ಟೀರಿಂಗ್ ಎಡಬಲ ಹೊಡೆದುಕೊಳ್ಳಲಿಲ್ಲ, ಆದ್ದರಿಂದ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು) ಸಡಿಲದ ಸಂಶಯ ಹಿಂದೆ ಸರಿಯಿತು. ಆದರೆ ಪಾದದಡಿಯ ತಗಡು, ಗಿಡ್ಡ ಲಿವರಿನ ಗುಂಡಿ, ಎರಡೂ ಜೇನುಗೂಡಿಗೆ ಕೈ ಇಟ್ಟ ಹಾಗೆ ಜುಂಯ್‌ಗುಟ್ಟುತ್ತಿದ್ದವು.

ಇಲ್ಲಿ ಒಂದು ಚಿಕ್ಕ ಲೆಕ್ಕ ಕೆಲಸಕ್ಕೆ ಬರುತ್ತದೆ. ಟಯರಿಗೆ ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿದರೆ ಜೀಪು 2.2 ಮೀಟರ್ ಮುಂದೆ ಹೋಗುತ್ತಿತ್ತು. ಗಂಟೆಗೆ 54 ಕಿಲೋಮೀಟರ್ ಅಂದರೆ ಸೆಕೆಂಡಿಗೆ 15 ಮೀಟರ್. ಚಕ್ರ ಸೆಕೆಂಡಿಗೆ ಏಳು ಸುತ್ತಿನ ಹತ್ತಿರ. ಟಯರ್ ಬ್ಯಾಲೆನ್ಸ್ ತಪ್ಪಿದರೆ, ರಿಮ್ ಬಾಗಿದರೆ, ನಡುಕ ಸೆಕೆಂಡಿಗೆ ಏಳು ಸಲ ಬರಬೇಕು, ಕೈಗೆ ಕುಟ್ಟಿದ ಹಾಗೆ. ಇದು ಕುಟ್ಟುತ್ತಿರಲಿಲ್ಲ, ಗುಯ್‌ಗುಟ್ಟುತ್ತಿತ್ತು. ಪ್ರೊಪೆಲ್ಲರ್ ಶಾಫ್ಟ್ ಚಕ್ರದ ಐದು ಪಟ್ಟು ಸುತ್ತುತ್ತದೆ, ಸೆಕೆಂಡಿಗೆ ಮೂವತ್ತೈದರ ಆಸುಪಾಸು. ಅದರ ತುದಿಯ ಕ್ರಾಸ್ (ಓರೆಯಲ್ಲೂ ಸುತ್ತು ದಾಟಿಸುವ ಕೀಲು) ತಕರಾರು ಮಾಡಿದರೆ ಒಂದು ಸುತ್ತಿಗೆ ಎರಡು ಸಲ, ಎಪ್ಪತ್ತು. ಏಳನ್ನು ಕೈ ಎಣಿಸಬಹುದು, ಎಪ್ಪತ್ತನ್ನು ಎಣಿಸಲಾಗದು. ಹಾಗಾಗಿ ಶಬ್ದ ಒಂದು, ನಡುಕ ಇನ್ನೊಂದು ಎಂದು ಮನಸ್ಸಿನಲ್ಲಿ ಬೇರ್ಪಡಿಸಿದೆ. ಎರಡು ವರ್ಷ ಅವು ಒಂದೇ ರೋಗದ ಹೆಸರಿನಲ್ಲಿ ಗ್ಯಾರೇಜಿಂದ ಗ್ಯಾರೇಜಿಗೆ ತಿರುಗಿದ್ದವು.

ಆದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಡಾಮರಿನಲ್ಲಿ ಸುತ್ತುವುದಾದರೂ ಯಾಕೆ? ಹಿಂದಿರುಗಿ ಬಂದು ನಿಲ್ಲಿಸಿದ ಮೇಲೆ ಕೇಳಿದೆ:

“ಹಬ್ ಈಗ ಲಾಕಲ್ಲಿ ಉಂಟಾ ಅಣ್ಣ?”

“ಜೂನಿಂದ ಸಪ್ಟೆಂಬರ್ ವರೆಗೆ ಲಾಕೇ. ಮತ್ತೆಂತ, ಪ್ರತಿ ಸಲ ಮಳೆಗೆ ಇಳಿದು, ಇಂಬಳದ ನಡುವೆ ಕೂತು ಹಬ್ ತಿರುಗಿಸುದಾ?”

ಮಳೆಗಾಲಕ್ಕೂ ನಡುಕಕ್ಕೂ ಇದ್ದ ನಂಟು ನೀರಲ್ಲ, ಇಂಬಳ, ಅಂದರೆ ಜಿಗಣೆ. ಎರಡೂ ಹಬ್ಬನ್ನು ಫ್ರೀ ಮಾಡಿ ಮತ್ತೆ ಅದೇ ರಸ್ತೆಯಲ್ಲಿ ಹೋದೆವು. ಐವತ್ತು, ಐವತ್ತೈದು, ಅರುವತ್ತು. ಗುಂಯ್ ಹಾಗೇ ಇತ್ತು, ನಡುಕ ಇಲ್ಲ. ಅಣ್ಣ ಗಿಡ್ಡ ಲಿವರನ್ನು ಎರಡು ಬೆರಳಿನಿಂದ ಹಿಡಿದು, ಬಿಟ್ಟು, ಮತ್ತೆ ಹಿಡಿದರು. ಎರಡು ವರ್ಷದಲ್ಲಿ ಯಾರೂ ಮಾಡದ ಈ ಪರೀಕ್ಷೆಗೆ ತಗಲಿದ ಖರ್ಚು ಸೊನ್ನೆ.

ಇದನ್ನೇ ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬಹುದು. ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ತುದಿಯಲ್ಲಿ ಬಿಚ್ಚಿ ಪೂರ್ತಿ ಹೊರಗೆ ತೆಗೆದು, ಹಬ್ ಲಾಕ್ ಮಾಡಿ, ಟೂವೀಲಿನಲ್ಲಿ ಓಡಿಸಿದೆ. ನಡುಕ ಇಲ್ಲ. ಆಕ್ಸಲ್ ಶಾಫ್ಟಿನ ಕ್ರಾಸಾಗಲಿ ಡಿಫರೆನ್ಷಿಯಲ್ಲಾಗಲಿ ಕಾರಣವಾಗಿದ್ದರೆ ಆಗಲೂ ಇರಬೇಕಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ನಡುಕದ ಮೂಲ ನನ್ನ ಬೆಂಚಿನ ಮೇಲೆ ಬಿದ್ದಿತ್ತು.

(ಈ ಪರೀಕ್ಷೆಗಳನ್ನು ಮಾಡಿ ನೋಡುವವರಿಗೆ ಒಂದು ಮಾತು. ಒಣ ಡಾಮರಿನಲ್ಲಿ ಫೋರ್‌ವೀಲ್ ಹಾಕಿ ನೋಡಲು ಹೋಗಬೇಡಿ. ಮುಂದಿನ ಮತ್ತು ಹಿಂದಿನ ಚಕ್ರ ತಿರುವಿನಲ್ಲಿ ಒಂದೇ ದೂರ ಓಡುವುದಿಲ್ಲ, ಒಳಗಿನ ಹಲ್ಲುಗಳು ಬಿಗಿದು ಕೂರುತ್ತವೆ. ಮುಂದನ್ನು ಮಾತ್ರ ಜಾಕಿಗೆ ಎತ್ತಿ ಫೋರ್‌ವೀಲ್ ಹಾಕಿ ಎಂಜಿನಿನಿಂದ ಸುತ್ತಿಸುವುದಂತೂ ಬೇಡವೇ ಬೇಡ. ನೆಲದಲ್ಲಿರುವ ಹಿಂದಿನ ಚಕ್ರ ಗಾಡಿಯನ್ನು ನಿಮ್ಮ ಮೇಲೆಯೇ ತರುತ್ತದೆ.)

ನನ್ನ ತಪ್ಪು

ಶಾಫ್ಟ್ ಬೆಂಚಿನ ಮೇಲೆ ಇದೆ. ಎರಡೂ ಕ್ರಾಸ್ ಹೊಸತಿನ ಹಾಗಿವೆ, ಪ್ಲೇ (ಸಡಿಲ ಅಲುಗಾಟ) ಇಲ್ಲ, ಬಿಗಿತವೂ ಇಲ್ಲ. ಪೈಪಿನ ಮೇಲೆ ಕಲ್ಲು ತಾಗಿದ ಒಂದು ತಗ್ಗು. ಕಣ್ಣು ಅಲ್ಲಿಗೇ ಹೋಯಿತು. ಬಾಗಿರಬೇಕು, ಬ್ಯಾಲೆನ್ಸ್ ಹೋಗಿರಬೇಕು ಎಂದುಕೊಂಡು ಮಂಗಳೂರಿಗೆ ಕಳುಹಿಸಿದೆ. ಮೂರು ದಿನ ಹೋಯಿತು. ಬಾಗಿಲ್ಲ, ಸಣ್ಣ ತೂಕ ಹಾಕಿ ಬ್ಯಾಲೆನ್ಸ್ ಸರಿ ಮಾಡಿದೆ ಎಂಬ ಮಾತಿನೊಂದಿಗೆ ಶಾಫ್ಟ್ ವಾಪಸು ಬಂತು. ಹಾಕಿ, ಹಬ್ ಲಾಕ್ ಮಾಡಿ ಓಡಿಸಿದೆ. ನಡುಕ ಇದ್ದಲ್ಲೇ ಇತ್ತು.

ಆ ಸಂಜೆ ಅಣ್ಣನಿಗೆ ಫೋನ್ ಮಾಡಲು ನಾಚಿಕೆಯಾಯಿತು. ಡೈರಿ ಗ್ಯಾರೇಜಿನಲ್ಲೇ ಉಳಿದಿತ್ತು. ಈ ಸಲ ಜೂನ್‌ಗಿಂತ ಹಿಂದಕ್ಕೆ ತಿರುವಿದೆ. ಏಪ್ರಿಲ್‌ನ ಒಂದು ಪುಟದಲ್ಲಿ, ಒಣ ಮೆಣಸು ಮಾರಿದ ಲೆಕ್ಕದ ಕೆಳಗೆ: ‘ಜೀಪು ಸರ್ವಿಸ್. ಮುಂದಿನ ಶಾಫ್ಟ್ ಕ್ರಾಸ್ 2. ಬೇರಿಂಗ್ ಗ್ರೀಸ್.’

ಏಪ್ರಿಲ್‌ನಲ್ಲಿ ಶಾಫ್ಟ್ ಬಿಚ್ಚಿದ್ದಾರೆ. ಏಪ್ರಿಲ್, ಮೇ ಎರಡೂ ತಿಂಗಳು ಹಬ್ ಫ್ರೀ, ಶಾಫ್ಟ್ ಸುತ್ತಲೇ ಇಲ್ಲ. ಜೂನ್‌ನಲ್ಲಿ ಹಬ್ ಲಾಕ್ ಆಯಿತು, ಏಪ್ರಿಲ್‌ನ ತಪ್ಪು ಆಗ ಮಾತಾಡಿತು. ಕೆಲಸಕ್ಕೂ ತೊಂದರೆಗೂ ನಡುವೆ ಎರಡು ತಿಂಗಳ ಮೌನ ಇದ್ದ ಕಾರಣ ಯಾರಿಗೂ ಅವುಗಳ ಸಂಬಂಧ ತೋರಲಿಲ್ಲ.

ಶಾಫ್ಟನ್ನು ಮತ್ತೆ ಬಿಚ್ಚಿದೆ. ಈ ಶಾಫ್ಟ್ ಎರಡು ತುಂಡು. ಸ್ಪ್ರಿಂಗ್ ಮೇಲೆ ಕೆಳಗೆ ಆಡುವಾಗ ಉದ್ದ-ಗಿಡ್ಡ ಆಗಬೇಕಲ್ಲ, ಅದಕ್ಕೆ ನಡುವೆ ಹಲ್ಲುಗಳಿರುವ ಜಾರುವ ಜೋಡಣೆ. ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಕವೆಗಳು. ಕ್ರಾಸುಗಳನ್ನು ಹೊರತೆಗೆದು, ಎರಡೂ ಕವೆಗಳ ಕಿವಿಗೆ ಅಡ್ಡವಾಗಿ ಒಂದೊಂದು ಹಳೇ ಕೊಡೆಕಡ್ಡಿ ಕಟ್ಟಿದೆ. ಬೆಂಚಿನ ತುದಿಗೆ ಕೆನ್ನೆ ಇಟ್ಟು ಒಂದು ಕಣ್ಣು ಮುಚ್ಚಿ ನೋಡಿದೆ. ಎರಡು ಕಡ್ಡಿ ಒಂದರ ಹಿಂದೆ ಒಂದು ಅಡಗಬೇಕಿತ್ತು, ಅಡಗಲಿಲ್ಲ. ಕತ್ತರಿಯ ಬಾಯಿ ತುಸು ತೆರೆದ ಹಾಗೆ ಕಂಡವು. ಹಲ್ಲು ಎಣಿಸಿದೆ, ಹದಿನಾರು. ಒಂದು ಹಲ್ಲು ಆಚೆ ಕೂತರೆ ಇಪ್ಪತ್ತೆರಡೂವರೆ ಡಿಗ್ರಿ ತಪ್ಪುತ್ತದೆ. ಮಣ್ಣು, ಗ್ರೀಸು, ಅದರ ಮೇಲೆ ಹಚ್ಚಿದ ಕರಿ ಪೇಂಟು ಎಲ್ಲ ಕೆರೆದಾಗ ಎರಡು ತುಂಡಿನಲ್ಲೂ ಬಾಣದ ಗುರುತು ಸಿಕ್ಕಿತು. ಒಂದಕ್ಕೊಂದು ಎದುರಾಗಿರಬೇಕಾದ ಬಾಣಗಳು ಒಂದು ಹಲ್ಲಿನಷ್ಟು ಓರೆಯಾಗಿ ನಿಂತಿದ್ದವು.

ಇದು ಯಾಕೆ ನಡುಗಿಸುತ್ತದೆ ಎಂದರೆ, ಓರೆಯಲ್ಲಿ ಕೆಲಸ ಮಾಡುವ ಕ್ರಾಸ್ ಸಮವೇಗದಲ್ಲಿ ಸುತ್ತು ದಾಟಿಸುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಎರಡನೇ ತುದಿಯ ಕ್ರಾಸ್ ಅಷ್ಟೇ ಓರೆಯಲ್ಲಿ, ಕವೆಗಳು ಒಂದೇ ಸಾಲಿನಲ್ಲಿ ಇದ್ದರೆ, ಮೊದಲನೆಯದು ಮಾಡಿದ ಏರುಪೇರನ್ನು ಅದು ಹೊಡೆದುಹಾಕುತ್ತದೆ. ಸಾಲು ತಪ್ಪಿದರೆ ಏರುಪೇರು ಉಳಿದುಬಿಡುತ್ತದೆ. ಓರೆ ಹೆಚ್ಚಾದಷ್ಟೂ ಏರುಪೇರು ಹೆಚ್ಚು. ಅಣ್ಣನ ಜೀಪಿಗೆ ತೋಡು ದಾಟಲೆಂದು ಮೂರು ವರ್ಷ ಹಿಂದೆ ಮುಂದಿನ ಸ್ಪ್ರಿಂಗಿಗೆ ಒಂದು ಪ್ಲೇಟ್ ಹೆಚ್ಚು ಹಾಕಿ ಮೂತಿ ಎತ್ತಿದ್ದರು, ಆದ್ದರಿಂದ ಓರೆಯೂ ಮಾಮೂಲಿಗಿಂತ ಜಾಸ್ತಿ. ತಗ್ಗಿನ ಗಾಡಿಯಾದರೆ ಒಂದು ಹಲ್ಲಿನ ತಪ್ಪು ಇಷ್ಟು ಗಲಾಟೆ ಮಾಡುತ್ತಿರಲಿಲ್ಲವೋ ಏನೋ.

ಮಂಗಳೂರಿನವರದ್ದು ತಪ್ಪಲ್ಲ. ಬ್ಯಾಲೆನ್ಸ್ ಮಾಡುವ ಯಂತ್ರದಲ್ಲಿ ಶಾಫ್ಟನ್ನು ನೇರ ಹಿಡಿದು ಸುತ್ತಿಸುತ್ತಾರೆ. ಓರೆಯೇ ಇಲ್ಲದಿದ್ದರೆ ಏರುಪೇರೂ ಇಲ್ಲ. ಅಲ್ಲಿ ಅದು ತೋರುವ ಸಂಭವವೇ ಇಲ್ಲ. ನಾನು ಕೇಳಬಾರದ ಪ್ರಶ್ನೆಯನ್ನು ಯಂತ್ರಕ್ಕೆ ಕೇಳಿದ್ದೆ. ಆ ಬಿಲ್ಲನ್ನು ಅಣ್ಣನ ಲೆಕ್ಕಕ್ಕೆ ಹಾಕಲಿಲ್ಲ.

ಬಾಣ ಕೂಡಿಸಿ ಶಾಫ್ಟ್ ಏರಿಸಿದೆ. ಹಬ್ ಲಾಕಿನಲ್ಲೇ ಅರುವತ್ತರವರೆಗೆ ಹೋದೆ. ಗಿಡ್ಡ ಲಿವರು ಸುಮ್ಮನಿತ್ತು.

ಇನ್ನು ಗುಂಯ್

ಅದಕ್ಕೆ ಹೆಚ್ಚು ಬುದ್ಧಿ ಖರ್ಚಾಗಲಿಲ್ಲ. ಬಲ ಚಕ್ರವನ್ನು ಜಾಕಿಗೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸ್ವಲ್ಪ ಪ್ಲೇ ಇತ್ತು. ಹುಡುಗನಿಗೆ ಬ್ರೇಕ್ ತುಳಿಯಲು ಹೇಳಿದೆ, ಪ್ಲೇ ಹೋಯಿತು. ಬ್ರೇಕ್ ತುಳಿದ ಮೇಲೂ ಉಳಿದಿದ್ದರೆ ಕಿಂಗ್‌ಪಿನ್ ಕಡೆ ನೋಡಬೇಕಿತ್ತು. ಒಂದು ಕೈಯಲ್ಲಿ ಚಕ್ರ ಸುತ್ತಿಸಿ ಇನ್ನೊಂದನ್ನು ಸ್ಪ್ರಿಂಗ್ ಪ್ಲೇಟಿನ ಮೇಲೆ ಇಟ್ಟರೆ, ರವೆ ಬೀಸಿದ ಹಾಗೆ ಅಂಗೈಗೆ ತಾಗುತ್ತಿತ್ತು.

ಬಿಚ್ಚಿದಾಗ ಗ್ರೀಸ್ ಹಾಲು ಹೆಚ್ಚಾದ ಕಾಫಿಯ ಬಣ್ಣ: ನೀರು. ಬೇರಿಂಗಿನ ಹೊರಬಳೆಯಾದ ‘ಕಪ್’ನ ಒಳಮೈಯಲ್ಲಿ ರೋಲರುಗಳ ಅಂತರಕ್ಕೆ ಸರಿಯಾಗಿ ಕರಿ ಗೀರುಗಳು. ಮದ್ದು ಬಿಡುವ ಕೆಲಸ ಇಲ್ಲದ ದಿನಗಳಲ್ಲಿ ಜೀಪು ಒದ್ದೆಯಾಗಿಯೇ ಕೊಟ್ಟಿಗೆಯಲ್ಲಿ ನಿಲ್ಲುತ್ತಿತ್ತು, ನಿಂತಲ್ಲೇ ತುಕ್ಕು ತನ್ನ ಗುರುತು ಹಾಕಿತ್ತು. ಏರಿಳಿದು ಬಿಸಿಯಾದ ಹಬ್ ತೋಡಿನ ನೀರಿಗೆ ಇಳಿದಾಗ ಒಳಗಿನ ಗಾಳಿ ತಣಿದು ಕುಗ್ಗಿ, ಹಳೇ ಆಯಿಲ್ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು: ಬೇರಿಂಗಿನ ನಟ್ಟಿನ ಮೂಲೆಗಳಲ್ಲಿ ಉಳಿ ಹೊಡೆದ ಗಾಯ. ಸರಿಯಾದ ಬಾಕ್ಸ್ ಸ್ಪಾನರ್ ಇಲ್ಲದೆ ಉಳಿ-ಸುತ್ತಿಗೆಯಲ್ಲಿ ಬಿಗಿದವರಿಗೆ ಎಷ್ಟು ಬಿಗಿದೆವು ಎಂಬುದು ಗೊತ್ತಾಗುವುದಿಲ್ಲ. ಚಕ್ರ ಸುತ್ತಿಸುತ್ತಾ ಅದು ಹಿಡಿಯುವಷ್ಟು ಬಿಗಿದು, ಮತ್ತೆ ಸುತ್ತಿನ ಆರನೇ ಒಂದು ಪಾಲು ಹಿಂದಕ್ಕೆ ಬಿಟ್ಟು, ವಾಷರ್ ಮಡಚಿ ಲಾಕ್ ನಟ್ ಹಾಕುವುದು ಈ ಹಬ್ಬಿನ ಕ್ರಮ. ಒಳಗಿನ, ಹೊರಗಿನ ಎರಡೂ ಬೇರಿಂಗ್ ಕಪ್ಪಿನ ಸಮೇತ ಹೊಸತು, ಹೊಸ ಸೀಲು, ಹೊಸ ನಟ್ಟು. ಗುಂಯ್ ನಿಂತಿತು.

ಏಪ್ರಿಲ್‌ನ ಒಂದೇ ಸರ್ವಿಸಿನಲ್ಲಿ ಎರಡು ತಪ್ಪು ಆಗಿತ್ತು. ಶಾಫ್ಟಿನದು ಹಬ್ ಲಾಕ್ ಆದ ದಿನವೇ ತೋರಿತು, ಬೇರಿಂಗಿನದು ನೀರಿನ ಜೊತೆ ಸೇರಿ ನಿಧಾನಕ್ಕೆ ಬೆಳೆಯಿತು. ಹಾಗಾಗಿಯೇ ಬೇಸಿಗೆಯಲ್ಲಿ ತೊಂದರೆ ಹೆಚ್ಚೂಕಡಿಮೆ ನಿಲ್ಲುತ್ತಿತ್ತೇ ಹೊರತು ಪೂರ್ತಿ ನಿಲ್ಲುತ್ತಿರಲಿಲ್ಲ. ಕೆದಕಿ ಕೇಳಿದಾಗ ಅಣ್ಣ ಒಪ್ಪಿಕೊಂಡರು: ಫೆಬ್ರವರಿಯಲ್ಲೂ ಸಣ್ಣಕೆ ಗುಂಯ್ ಇತ್ತಂತೆ, ನಡುಕ ಇಲ್ಲವಲ್ಲ ಎಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವಂತೆ. ನಾನು ಮೊದಲ ದಿನವೇ ‘ಮಳೆ ಬಿಟ್ಟಾಗ ಯಾವುದು ನಿಲ್ಲುತ್ತದೆ, ಶಬ್ದವಾ ನಡುಕವಾ’ ಎಂದು ಬೇರೆ ಬೇರೆಯಾಗಿ ಕೇಳಬೇಕಿತ್ತು. ಈಗ ಫೋರ್‌ವೀಲ್ ಗಾಡಿ ಬಂದರೆ ನನ್ನ ಮೊದಲ ಪ್ರಶ್ನೆ ಹಬ್ ಎಲ್ಲಿ ಉಂಟು ಎಂಬುದು, ಎರಡನೆಯದು ತೊಂದರೆಗೆ ಮೊದಲು ಯಾರು ಏನನ್ನು ಬಿಚ್ಚಿದ್ದರು ಎಂಬುದು, ಅದು ಆರು ತಿಂಗಳ ಹಿಂದಿನದಾದರೂ ಸರಿ.

ಹಬ್ಬನ್ನು ಫ್ರೀಯಲ್ಲೇ ಇಟ್ಟರೆ ಸಾಕಲ್ಲವಾ, ಶಾಫ್ಟ್ ಗೊಡವೆ ಯಾಕೆ ಎಂದು ಅಣ್ಣ ನಡುವೆ ಒಮ್ಮೆ ಕೇಳಿದ್ದರು. ಒಪ್ಪಲಿಲ್ಲ. ನಡುಗುವ ಶಾಫ್ಟ್ ಫೋರ್‌ವೀಲಿನಲ್ಲಿ ಭಾರ ಹೊತ್ತು ಏರುವಾಗಲೂ ಅದೇ ಏರುಪೇರನ್ನು ಡಿಫರೆನ್ಷಿಯಲಿನ ಹಲ್ಲಿಗೆ ದಾಟಿಸುತ್ತದೆ. ಆ ಏರಿನಲ್ಲಿ, ಡ್ರಮ್ಮು ತುಂಬಿದ ಹೊತ್ತಿನಲ್ಲಿ, ಅದು ಮುರಿಯುವುದು ಬೇಡ.

ಶಾಫ್ಟಿನ ಎರಡು ತುಂಡಿನ ಮೇಲೂ ಬಾಣದ ಪಕ್ಕದಲ್ಲಿ ಪಂಚ್ ಹೊಡೆದು ಎರಡು ಚುಕ್ಕಿ ಮಾಡಿ, ಹಳದಿ ಪೇಂಟ್ ತುಂಬಿಸಿದ್ದೇನೆ. ಮುಂದಿನ ಏಪ್ರಿಲ್‌ನಲ್ಲಿ ಅಣ್ಣ ಗ್ರೀಸಿಗೆ ಬಂದಾಗ, ಕೆಲಸ ಮುಗಿಸಿ ನಾನು ಕೈ ತೊಳೆಯುತ್ತಿದ್ದೆ. ತಿರುಗಿ ನೋಡಿದರೆ ಅವರ ಎರಡು ಕಾಲು ಮಾತ್ರ ಜೀಪಿನಡಿಯಿಂದ ಹೊರಗೆ ಚಾಚಿತ್ತು. “ಎರಡೂ ಎದುರೆದುರೇ ಉಂಟು,” ಎಂದು ಒಳಗಿಂದ ಕೂಗಿದರು. ಆಮೇಲೆ ಎದ್ದು, ಬೆನ್ನಿನ ಮಣ್ಣು ಕೊಡವಿಕೊಂಡು, ಅರುವತ್ತರ ಮೇಲೆ ಈಗಲೂ ಸಣ್ಣದೊಂದು ಸುಂಯ್ ಬರುತ್ತದಲ್ಲ ಎಂದು ತಕರಾರು ತೆಗೆದರು. ಅದು ಟಯರಿನದ್ದು. ಹೊಸ ಡಾಮರಿನಲ್ಲಿ ಇರುವುದಿಲ್ಲ, ಹಳೇ ಡಾಮರಿನಲ್ಲಿ ಬರುತ್ತದೆ. ಟಯರಿನ ಹಲ್ಲುಗಳ ಮೇಲೆ ಅಂಗೈ ಸವರಿ ತೋರಿಸಿದೆ: ಒಂದು ಕಡೆಗೆ ನುಣುಪು, ಎದುರು ಸವರಿದರೆ ಚುಚ್ಚುತ್ತದೆ. ಇನ್ನೊಂದು ವರ್ಷ ಓಡಲಿ ಎಂದರು.